ಹೆಸರಿನ ಕಲಬೆರಕೆ

ಕಪ್ಪಾದ ಪದಾರ್ಥವೊಂದನ್ನು ‘ಕರಿಯ ಬಿಳುಪು’ ಎಂದು ಕರೆದು ಮಾರಹೊರಟರೆ ಸಂತೆಯ ಜನ ನಕ್ಕು ಮುಂದೆ ಹೋಗುತ್ತಾರೆ. ಅದೇ ಮಾತನ್ನು ‘ಬ್ಲ್ಯಾಕ್ ಇಂಡಿಯಾ ಪೇಲ್ ಏಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಶೀಸೆಗೆ ಅಂಟಿಸಿದರೆ ಸುಶಿಕ್ಷಿತರು ಬೆಲೆ ತೆತ್ತು ಕೊಳ್ಳುತ್ತಾರೆ. ‘ಪೇಲ್’ ಎಂದರೆ ತಿಳಿಬಣ್ಣದ್ದು, ‘ಬ್ಲ್ಯಾಕ್’ ಎಂದರೆ ಕಪ್ಪು. ಎರಡೂ ಒಂದೇ ಚೀಟಿಯ ಮೇಲೆ ನಿಂತಿರುವುದು ಯಾರಿಗೂ ವಿಚಿತ್ರವೆನಿಸದ ಕಾಲ ಬಂದಿದೆ. ಅಮೆರಿಕದ ಸಣ್ಣ ತಯಾರಕರ ಕ್ರಾಫ್ಟ್ ಬಿಯರಿನಲ್ಲಿ ಎರಡು ಮೂರು ಶೈಲಿಗಳನ್ನು ಬೆರೆಸುವ ಪರಿಪಾಠ ಕಳೆದ ಎರಡು ದಶಕಗಳಿಂದ ಬೆಳೆಯುತ್ತಲೇ ಇದೆ. ಈ ವಿಚಿತ್ರ ನಾಮಧೇಯಗಳು ಅದರ ಫಲ.

ಮದ್ಯಪಾನ ಯುಕ್ತವೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಈ ಪುಟಗಳ ವಾಚಕರಲ್ಲಿ ಅದಕ್ಕೆ ಉತ್ತರ ಎಂದೋ ಸಿದ್ಧವಾಗಿದೆ. ಇಲ್ಲಿನ ಪ್ರಶ್ನೆ ವ್ಯಾಪಾರನೀತಿಯದು. ಮಾರುವವನು ಸರಕಿಗೆ ಇಟ್ಟ ಹೆಸರು ಕೊಳ್ಳುವವನಿಗೆ ಕೊಟ್ಟ ಮಾತೇ ಅಲ್ಲವೇ? ಹೌದಾದರೆ, ತಕ್ಕಡಿಯಲ್ಲಿ ಮೋಸ ಮಾಡುವುದಕ್ಕೂ ಹೆಸರಿನಲ್ಲಿ ಮೋಸ ಮಾಡುವುದಕ್ಕೂ ಏನು ಅಂತರ?

ಬೆರೆಸುವುದೇ ಅಪರಾಧವೆಂದು ಇಲ್ಲಿ ವಾದಿಸುತ್ತಿಲ್ಲ. ಬಿಯರಿನ ಎರಡು ಮುಖ್ಯ ಕುಲಗಳಾದ ಏಲ್ ಮತ್ತು ಲಾಗರ್‌ಗಳ ನಡುವಿನ ಭೇದ ಯೀಸ್ಟಿನದು. ಏಲ್ ಯೀಸ್ಟು ತುಸು ಬೆಚ್ಚಗಿನ ಹವೆಯಲ್ಲಿ, ಲಾಗರ್ ಯೀಸ್ಟು ತಂಪಿನಲ್ಲಿ ಹುದುಗನ್ನೆಬ್ಬಿಸುತ್ತದೆ. ಆ ಲಾಗರ್ ಯೀಸ್ಟಾದರೂ ಶುದ್ಧವೇ? ಅದು ಏಲ್ ಯೀಸ್ಟಿಗೂ ಚಳಿಯನ್ನು ತಾಳುವ ಬೇರೊಂದು ಯೀಸ್ಟಿಗೂ ಹುಟ್ಟಿದ ಸಂಕರ. ಆ ಎರಡನೆಯದು ದಕ್ಷಿಣ ಅಮೆರಿಕದ ಪಟಗೋನಿಯದ ಕಾಡುಗಳಲ್ಲಿ ದೊರೆತ ಸಂಗತಿ 2011ರಲ್ಲಿ ಪ್ರಕಟವಾಯಿತು. 1516ರ ಬವೇರಿಯದ ಶುದ್ಧತೆಯ ಶಾಸನವನ್ನು ಹಿಡಿದು ಎದೆ ಸೆಟೆಸುವವರು ಇದನ್ನು ಗಮನಿಸುವುದು ಲೇಸು. ಆ ಶಾಸನದಲ್ಲಿ ಯೀಸ್ಟಿನ ಹೆಸರೇ ಇಲ್ಲ.

ಹಳೆಯ ಮಿಶ್ರಣಗಳ ಶೀಲವನ್ನು ನೋಡಬೇಕು. 19ನೆಯ ಶತಮಾನದ ಕ್ಯಾಲಿಫೋರ್ನಿಯದಲ್ಲಿ ಮಂಜುಗಡ್ಡೆ ದುರ್ಲಭವಾಗಿತ್ತು. ಲಾಗರ್ ಯೀಸ್ಟನ್ನೇ ಬೆಚ್ಚಗಿನ ಹವೆಯಲ್ಲಿ ಹುದುಗಿಸದೆ ಗತ್ಯಂತರವಿರಲಿಲ್ಲ. ಹಾಗೆ ಹುಟ್ಟಿದ್ದನ್ನು ಅಲ್ಲಿನವರು ಲಾಗರ್ ಎಂದು ಮಾರದೆ ‘ಸ್ಟೀಮ್ ಬಿಯರ್’ ಎಂದರು. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಸಂಸ್ಥೆ ಆ ಹೆಸರನ್ನು ತನ್ನ ವ್ಯಾಪಾರಮುದ್ರೆಯಾಗಿಸಿಕೊಂಡ ಮೇಲೆ ಉಳಿದವರು ‘ಕ್ಯಾಲಿಫೋರ್ನಿಯ ಕಾಮನ್’ ಎಂಬ ಬೇರೆ ಹೆಸರನ್ನು ಕಂಡುಕೊಂಡರು. ಜರ್ಮನಿಯ ಕಲೋನ್ ನಗರದ ಕ್ಯೋಲ್ಷ್ ಕೂಡ ಮಿಶ್ರಣವೇ: ಏಲ್ ಯೀಸ್ಟಿನಿಂದ ಹುದುಗಿಸಿ, ಲಾಗರಿನಂತೆ ತಂಪಿನಲ್ಲಿಟ್ಟು ಮಾಗಿಸಿದ್ದು. ಅಲ್ಲಿನ ತಯಾರಕರು 1986ರಲ್ಲಿ ಒಂದೆಡೆ ಕುಳಿತು, ಎಂಥದನ್ನು ಆ ಹೆಸರಿನಿಂದ ಕರೆಯಬಹುದು, ಎಲ್ಲಿ ತಯಾರಿಸಿದ್ದನ್ನು ಕರೆಯಬಹುದು ಎಂದು ಒಡಂಬಡಿಕೆ ಬರೆದುಕೊಂಡರು. 1997ರಲ್ಲಿ ಐರೋಪ್ಯ ಒಕ್ಕೂಟವೂ ಆ ಹೆಸರಿಗೆ ರಕ್ಷಣೆ ಕೊಟ್ಟಿತು. ಬೆರಕೆಯ ಸರಕಿಗೂ ಸ್ವಂತ ಹೆಸರು, ಆ ಹೆಸರಿಗೆ ಹೊಣೆ. ಇದಕ್ಕಿಂತ ಹೆಚ್ಚೇನನ್ನು ಯಾರು ಕೇಳಿಯಾರು?

ಈಗಿನವರು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಹೊಸ ಸರಕಿಗೆ ಹೊಸ ಹೆಸರಿಡುವ ಬದಲು ಚೆನ್ನಾಗಿ ಮಾರಾಟವಾಗುವ ಹೆಸರೊಂದನ್ನು ಕಡ ತಂದು ಅಂಟಿಸುತ್ತಾರೆ. ಆ ಹೆಸರು ‘ಐಪಿಎ’, ಅರ್ಥಾತ್ ಇಂಡಿಯಾ ಪೇಲ್ ಏಲ್. 18ನೆಯ ಶತಮಾನದ ಅಂತ್ಯದಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ ಬ್ರೂವರಿಯಿಂದಲೂ, 1820ರ ದಶಕದಿಂದ ಬರ್ಟನ್ ಪಟ್ಟಣದಿಂದಲೂ ಕಲ್ಕತ್ತೆಯಂಥ ರೇವುಗಳಿಗೆ ಹಡಗೇರಿ ಬರುತ್ತಿದ್ದ, ಹಾಪ್ ಹೂವಿನ ಕಹಿ ಮುಂದಾದ ತಿಳಿಬಣ್ಣದ ಏಲ್‌ಗೆ ಸಂದ ಹೆಸರದು. ಅದರ ಮೂರು ಪದಗಳೂ ಆಗ ನಿಜವಾಗಿದ್ದುವು. ‘ಬ್ಲ್ಯಾಕ್ ಐಪಿಎ’ಯಲ್ಲಿ ‘ಪೇಲ್’ ಸುಳ್ಳಾಯಿತು. ‘ಇಂಡಿಯಾ ಪೇಲ್ ಲಾಗರ್’ ಬಂದಾಗ ‘ಏಲ್’ ಹೋಯಿತು. 2015ರಲ್ಲಿ ಪೆನ್ಸಿಲ್ವೇನಿಯದ ಟೈರ್ಡ್ ಹ್ಯಾಂಡ್ಸ್ ಬ್ರೂವರಿ ಸ್ವೀಡನ್ನಿನ ಓಮ್ನಿಪೊಲ್ಲೊದೊಡನೆ ಕೂಡಿ ಹಾಲಿನ ಸಕ್ಕರೆ, ಹಣ್ಣು, ವೆನಿಲ ಬೆರೆಸಿ ‘ಮಿಲ್ಕ್‌ಶೇಕ್ ಐಪಿಎ’ ಮಾಡಿದಾಗ ಕಹಿಯ ಕುರುಹೂ ಮಸಕಾಯಿತು. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ‘ಬ್ರೂಟ್ ಐಪಿಎ’ಯಂತೂ ಷಾಂಪೇನಿನಿಂದ ಒಂದು ಹೆಸರು, ಬಿಯರಿನಿಂದ ಇನ್ನೊಂದು, ಹೀಗೆ ಎರಡು ಮನೆಯ ಸಾಲವನ್ನು ಒಟ್ಟಿಗೆ ಎತ್ತಿತು, ಕೆಲವೇ ವರ್ಷಗಳಲ್ಲಿ ಅದರ ಸದ್ದಡಗಿತು.

ಬೇರೆ ಹೆಸರು ಸಿಕ್ಕದೆ ಹೀಗಾಯಿತೆಂಬ ಸಮಾಧಾನವನ್ನೂ ಒಪ್ಪುವಂತಿಲ್ಲ. ಕಪ್ಪು ಬಗೆಗೆ ಅಮೆರಿಕದ ವಾಯವ್ಯ ಭಾಗದವರು ‘ಕ್ಯಾಸ್ಕೇಡಿಯನ್ ಡಾರ್ಕ್ ಏಲ್’ ಎಂಬ ಹೆಸರನ್ನು ಪ್ರತಿಪಾದಿಸಿದ್ದರು. ಸ್ಥಳವೂ ನಿಜ, ಬಣ್ಣವೂ ನಿಜ. ಪೇಟೆ ಅದನ್ನು ತಳ್ಳಿ ‘ಐಪಿಎ’ಯನ್ನೇ ಹಿಡಿಯಿತು, ಏಕೆಂದರೆ ಗಲ್ಲಾ ತುಂಬುವುದು ಆ ಮೂರಕ್ಷರದಿಂದ. ಬಿಯರ್ ಪರೀಕ್ಷಕರ ಸಂಸ್ಥೆಯಾದ ಬಿಜೆಸಿಪಿಯ 2008ರ ಸೂಚಿಯಲ್ಲಿ ‘ಹೈಬ್ರಿಡ್’ ಎಂಬ ಪ್ರಾಮಾಣಿಕ ವರ್ಗವಿತ್ತು. 2015ರ ಸೂಚಿಯಲ್ಲಿ ಆ ಪದ ವರ್ಗನಾಮವಾಗಿ ಉಳಿಯಲಿಲ್ಲ. ಕಪ್ಪು, ಕಂದು, ಕೆಂಪು, ಬಿಳಿ ಎಲ್ಲವೂ ‘ವಿಶೇಷ ಐಪಿಎ’ಗಳಾದುವು. ಇವು ಭಾರತಕ್ಕೆ ಹೋದವಲ್ಲ, ಅನೇಕವು ತಿಳಿಬಣ್ಣದವೂ ಅಲ್ಲ, ಆದಕಾರಣ ಆ ಮೂರಕ್ಷರವನ್ನು ಬಿಡಿಸಿ ಬರೆಯುವುದಿಲ್ಲ ಎಂಬರ್ಥದ ವಿವರಣೆಯೂ ಅದರಲ್ಲೇ ಇದೆ! ಬಿಡಿಸಿ ಬರೆದರೆ ಸುಳ್ಳಾಗುವ ಹೆಸರು ಮಡಿಸಿ ಬರೆದರೆ ನಿಜವಾಗುವ ಈ ಚಮತ್ಕಾರವನ್ನು ಯಾವ ಲೆಕ್ಕ ಪರಿಶೋಧಕನೂ ಮಾನ್ಯ ಮಾಡಲಾರ.

ಭಾಷೆ ಬದಲಾಗುತ್ತದೆ, ಹೆಸರುಗಳೂ ಬದಲಾಗುತ್ತವೆ ಎನ್ನುವವರಿದ್ದಾರೆ. ಬದಲಾಗಲಿ. ಬಳಸುವ ಜನರ ಬಾಯಲ್ಲಿ ತಲೆಮಾರುಗಳ ಕಾಲ ಸವೆದು ಅರ್ಥ ಬದಲಾಗುವುದು ಬೇರೆ; ಮಾರುವವನು ತನ್ನ ಲಾಭಕ್ಕಾಗಿ ಒಂದೇ ಋತುವಿನಲ್ಲಿ ಅರ್ಥವನ್ನು ತಿರುಚುವುದು ಬೇರೆ. ರುಚಿ ನೋಡುವ ಗಿರಾಕಿಗೆ ಎಲ್ಲವೂ ಗೊತ್ತಿರುತ್ತದೆಯೆಂಬ ಮಾತೂ ಅಷ್ಟಕ್ಕಷ್ಟೆ. ಪಂಡಿತರಿಗೆ ಗೊತ್ತಿರಬಹುದು, ದಾರಿಹೋಕನಿಗೆ ಗೊತ್ತಿರುವುದಿಲ್ಲ.

ದಾರಿಹೋಕನ ನಷ್ಟ ಕೇವಲ ಹಣದ್ದಲ್ಲ. ಹಾಲು ಒಗ್ಗದವನು ಬಿಯರಿನಲ್ಲಿ ಹಾಲಿನ ಅಂಶವನ್ನು ನಿರೀಕ್ಷಿಸುವುದುಂಟೇ? ಐರೋಪ್ಯ ಒಕ್ಕೂಟದ ನಿಯಮದಲ್ಲಿ ಬಿಯರಿಗೆ ಪೂರ್ಣ ಪದಾರ್ಥಪಟ್ಟಿಯಿಂದ ವಿನಾಯಿತಿಯಿದ್ದರೂ ಹಾಲಿನಂಥ ಅಲರ್ಜಿಕಾರಕಗಳನ್ನು ಚೀಟಿಯಲ್ಲಿ ಹೇಳಲೇಬೇಕು. ಈ ಮಿಶ್ರಣಗಳ ತವರಾದ ಅಮೆರಿಕದಲ್ಲಿ ಅಂಥ ಕಡ್ಡಾಯ ಮಾಡುವ ಪ್ರಸ್ತಾಪ 2006ರಲ್ಲೊಮ್ಮೆ ಬಂದು, 2025ರ ಜನವರಿಯಲ್ಲಿ ಮತ್ತೆ ಬಂದಿತು. ಕೆಲವು ತಯಾರಕರು ಸ್ವಪ್ರೇರಣೆಯಿಂದ ತಿಳಿಸುತ್ತಾರೆ, ಅದು ಶ್ಲಾಘ್ಯ. ಆದರೆ ಗಿರಾಕಿಯ ಹಕ್ಕು ಮಾರುವವನ ಸೌಜನ್ಯವನ್ನು ಅವಲಂಬಿಸಬೇಕೇ?

2010ರ ಸುಮಾರಿಗೆ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಬ್ರೂವರಿಗಳ ಮೂಲಕ ಈ ಹೆಸರುಗಳು ಕನ್ನಡನಾಡಿನ ರಾಜಧಾನಿಗೂ ಬಂದಿವೆ. ಅಲ್ಲಿ ತೊಟ್ಟಿಯಿಂದ ನೇರವಾಗಿ ಲೋಟಕ್ಕೆ ಸುರಿಯುವುದರಿಂದ ಶೀಸೆಯೂ ಇಲ್ಲ, ಚೀಟಿಯೂ ಇಲ್ಲ. ಕುಳಿತವನ ಕಣ್ಣಿಗೆ ಬೀಳುವುದು ಹಲಗೆಯ ಮೇಲಿನ ಅಥವಾ ಪಟ್ಟಿಯಲ್ಲಿನ ಹೆಸರು. ಆ ಹೆಸರಿನ ಕೆಳಗೆ ಯಾವ ಯೀಸ್ಟು, ಏನೇನು ಬೆರೆತಿದೆ, ಮದ್ಯಸಾರವೆಷ್ಟು ಎಂದು ಎರಡು ಸಾಲು ಬರೆಯಲು ಯಾವ ಶಾಸನವೂ ಅಡ್ಡಬರುವುದಿಲ್ಲ. ರಾಗಿ ಬೆರೆಸಿ ಬಿಯರ್ ಮಾಡುವವರು ಅದನ್ನು ರಾಗಿಯ ಹೆಸರಿನಿಂದಲೇ ಕರೆಯಲಿ. ಅದಕ್ಕೆ ಲಂಡನ್ನಿನ ಹಳೆಯ ವಿಳಾಸವನ್ನು ತಗುಲಿಸುವ ಅಗತ್ಯವಿಲ್ಲ.