ಹೈದರಾಲಿಯ ಹಡಗುಗಳನ್ನು ಮೇಲೆತ್ತಬೇಕೇ?

1763ರಲ್ಲಿ ಕೆಳದಿಯ ಜೊತೆಗೆ ಮಂಗಳೂರೂ ಕೈಸೇರಿದ ಮೇಲೆ ಹೈದರಾಲಿ ಅಲ್ಲಿ ಯುದ್ಧನೌಕೆಗಳ ಪಡೆ ಕಟ್ಟಿದ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಅದನ್ನು ಮಂಗಳೂರಿನಲ್ಲೇ ನಾಶಮಾಡಿದ. ಅಳಿದುಳಿದ ಮರ ಹೂಳಿನಡಿ ಸಿಕ್ಕರೆ ಅದನ್ನು ಹೊರತೆಗೆಯಬೇಕೇ? ಕಡಲಿನಿಂದ ದೂರದ ಸುಲೇಪೇಟದಲ್ಲಿ ಕೂತು ಇದನ್ನು ಕೇಳಲು ಕಾರಣವಿದೆ, ಅದು ಮುಂದೆ ಬರುತ್ತದೆ.

ಪರ

ಮೈಸೂರಿನ ಯುದ್ಧಗಳೆಂದರೆ ನಮಗೆ ಕುದುರೆ, ಕೋಟೆ, ರಾಕೆಟ್ಟು. ಕಡಲಿನ ಅಧ್ಯಾಯ ಓದಿದವರು ಕಡಿಮೆ. ಮುಳುಗಿದ ಹಡಗು ಕಾಗದದಲ್ಲಿಲ್ಲದ್ದನ್ನು ಹೇಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ವೈದ್ಯನ ಪೆಟ್ಟಿಗೆ, ಬಾಚಣಿಗೆ, ನಾವಿಕರು ಉಂಡ ಮರದ ತಟ್ಟೆಗಳೂ ಸಿಕ್ಕವು. ಅಂಥದೇ ಒಂದು ತಟ್ಟೆ ಮಂಗಳೂರಿನಲ್ಲಿ ಸಿಕ್ಕರೆ, ಹೈದರನ ಹಡಗಿನಲ್ಲಿ ದುಡಿದ ಹೆಸರಿಲ್ಲದ ಖಲಾಸಿಗಳೂ ಇತಿಹಾಸಕ್ಕೆ ಸೇರುತ್ತಾರೆ. ಸುಮ್ಮನೆ ಬಿಟ್ಟರೆ ಬಂದರಿನ ಹೂಳೆತ್ತುವ ಯಂತ್ರ ಯಾವತ್ತೋ ಒಂದು ದಿನ ಅದನ್ನು ಪುಡಿಮಾಡೀತು.

ವಿರೋಧ

ಈ ಆಸೆಗೆಲ್ಲ ಬೆನ್ನಿಗಿರುವುದು ಸ್ವೀಡನ್ನಿನ ವಾಸಾ ಹಡಗು. 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ, ಗಾಳಿಗೆ ವಾಲಿ ಮುಳುಗಿತು. 1961ರಲ್ಲಿ ಎತ್ತಿದಾಗ ಬಹುಪಾಲು ಇಡಿಯಾಗಿತ್ತು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಅಲ್ಲಿ ಮರ ಕೊರೆಯುವ ಹಡಗುಹುಳು ಬಾಳುವುದಿಲ್ಲ. ಅರಬ್ಬಿ ಸಮುದ್ರದ ಬೆಚ್ಚಗಿನ ಉಪ್ಪುನೀರು ಅದಕ್ಕೆ ತವರು. ಹೂಳಿನಲ್ಲಿ ಹುದುಗಿದ ಭಾಗ ಮಾತ್ರ ಉಳಿದಿದ್ದೀತು.

ಎತ್ತುವುದು ಸುಲಭದ ಪಾಲು. ಶತಮಾನಗಟ್ಟಲೆ ನೆನೆದ ಮರ ಬಯಲಿಗೆ ಬಂದು ಒಣಗಿದರೆ ಕುಗ್ಗಿ ಸೀಳುತ್ತದೆ. ನೀರಿನ ಜಾಗಕ್ಕೆ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ಇಳಿಯಲೆಂದು ವಾಸಾದ ಮೇಲೆ 17 ವರ್ಷ ಸಿಂಪಡಿಸಿದರು. ಅಷ್ಟಾದರೂ 2000ದ ಹೊತ್ತಿಗೆ ಮರದೊಳಗಿನ ಗಂಧಕ ಆಮ್ಲವಾಗುತ್ತಿರುವುದು ಕಂಡುಬಂತು. ತುಕ್ಕು ಹಿಡಿದ ಸಾವಿರಾರು ಬೋಲ್ಟುಗಳನ್ನು ಬದಲಿಸಬೇಕಾಯಿತು. ನೆನೆದ ಮರವೆಂದರೆ ಬಿಸಿಲು ಮಳೆಗೆ ಅಂಜದ ಶಹಾಬಾದ ಫರಸಿಕಲ್ಲಲ್ಲ.

ನಾನು ನಿಲ್ಲುವುದು ಈ ಕಡೆಗೇ, ಅದಕ್ಕೆ ಕಾರಣ ನಮ್ಮದೇ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಅಗೆದಾಗ, ಹೆಸರು ಕೊರೆದ ಅಶೋಕನ ಶಿಲ್ಪವೇ ಹೊರಬಂತು. ಅಂಥ ಕಲ್ಲುಗಳೂ ವರ್ಷಾನುಗಟ್ಟಲೆ ಬಯಲಲ್ಲಿ ಕಾದವು. ಕಲ್ಲಾದ್ದರಿಂದ ಉಳಿದವು. ನೆನೆದ ಮರ ಅಷ್ಟು ಕಾಲ ಯಾರಿಗಾಗಿಯೂ ಕಾಯುವುದಿಲ್ಲ.

ನೀರಡಿಯ ಪರಂಪರೆ ಕುರಿತ ಯುನೆಸ್ಕೋದ 2001ರ ಒಡಂಬಡಿಕೆಯೂ ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆ ಎನ್ನುತ್ತದೆ. ಹಾಗೆಂದು ಕೈಕಟ್ಟಿ ಕೂರುವುದೂ ಬೇಡ. ಪರ ವಾದದಲ್ಲಿ ಹೂಳೆತ್ತುವ ಯಂತ್ರದ ಭಯ ನಿಜವಾದದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ನೀರಡಿಯ ವಿಭಾಗವಿದೆ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮುಳುಗಿದ ಹಡಗುಗಳನ್ನು ಶೋಧಿಸಿದೆ. ಮಂಗಳೂರಿನ ಅಳಿವೆಯನ್ನು ಸೋನಾರ್‌ನಿಂದ ಜಾಲಾಡಿಸಿ, ಏನಾದರೂ ಕಂಡರೆ ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಹೂಳೆತ್ತುವುದನ್ನು ಸರ್ಕಾರ ನಿಷೇಧಿಸಲಿ. ಮರ ಕಾಪಾಡುವ ಪ್ರಯೋಗಾಲಯವೂ ಅದನ್ನು ನಡೆಸುವ ಕಾಯಂ ಅನುದಾನವೂ ಸಿದ್ಧವಾಗುವ ತನಕ ಒಂದು ಹಲಗೆಯನ್ನೂ ಮೇಲೆ ತರಬಾರದು.