ಫಿರಂಗಿ ತೆಗೆದರೆ ಸಾಲದು, ಬಾಗಿಲೂ ಬೇಕು

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗನನ್ನು ಕರೆದುಕೊಂಡು ಪೇಟೆಗೆ ಹೋಗಿದ್ದೆ. ಸರ್ಕಲ್‌ನಲ್ಲಿ ಕಟ್ಟೆ ಕಟ್ಟಿ, ಹಸಿರು ಬಣ್ಣ ಬಳಿದು ಒಂದು ಹಳೇ ಟಿ-55 ಟ್ಯಾಂಕು ನಿಲ್ಲಿಸಿದ್ದಾರೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳದೆ ಬರೋದೇ ಇಲ್ಲ ಅಂತ ಅವನ ಹಟ. ಫೋಟೋ ಆದಮೇಲೆ, "ಅಜ್ಜಿ, ಇದರೊಳಗೆ ಎಷ್ಟು ಜನ ಕೂರ್ತಾರೆ?" ಅಂದ. ನನಗೇನು ಗೊತ್ತು! ಮನೆಗೆ ಬಂದು ಅಣ್ಣನನ್ನು ಕೇಳಿದೆ. ಅಣ್ಣ ಕಾಲಾಳು ಪಡೆಯಲ್ಲಿದ್ದು ನಿವೃತ್ತನಾದವನು.

"ನಾಲ್ಕೇ ಜನ" ಅಂದ.

"ಮತ್ತೆ ಮಿಕ್ಕೋರು?"

"ಮಿಕ್ಕೋರು ನಮ್ಮ ಹಂಗೆ. ಹಿಂದೆ ನಡ್ಕೊಂಡು ಹೋಗೋದು."

36 ಟನ್ ಉಕ್ಕು ನಾಲ್ಕು ಜನರಿಗೆ. ಮಿಕ್ಕವರಿಗೆ ಮೈಮೇಲಿನ ಅಂಗಿ. ನನಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಕೆಲವು ದೇಶದವರು ಹಳೇ ಟ್ಯಾಂಕಿನ ಫಿರಂಗಿ ಕಿತ್ತುಹಾಕಿ ಅದರಲ್ಲಿ ಸೈನಿಕರನ್ನು ಕೂರಿಸಿದ್ದಾರೆ ಅಂತ ಅಣ್ಣನೇ ಹೇಳಿದ್ದರಿಂದ, ಆ ವಿಷಯ ಹುಡುಕಿ ಹುಡುಕಿ ಓದಿದೆ.

ಎರಡನೇ ಮಹಾಯುದ್ಧ. 1944ರ ಜುಲೈ 25. ಫ್ರಾನ್ಸಿನ ನಾರ್ಮಂಡಿಯಲ್ಲಿ ಕೆನಡಾದ ಒಂದು ಪಡೆ ಗೋಧಿ ಹೊಲದ ನಡುವೆ ದಿಬ್ಬ ಹತ್ತಬೇಕಿತ್ತು. ಮೇಲೆ ಜರ್ಮನರು ಕಾದು ಕೂತಿದ್ದರು. 300ಕ್ಕೂ ಹೆಚ್ಚು ಜನ ನಡೆದುಹೊರಟರು. ಹಿಂತಿರುಗಿ ಬಂದವರು 15 ಜನರಷ್ಟೇ. ಅಷ್ಟು ಮನೆಗಳಿಗೆ ಹೋದ ತಂತಿಗಳನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಆ ಸೈನ್ಯದ ದಂಡನಾಯಕ ಗೈ ಸೈಮಂಡ್ಸ್ ಕಣ್ಣಿಗೆ ಆಗ ಬಿದ್ದದ್ದು ಕೆಲಸವಿಲ್ಲದೆ ನಿಂತಿದ್ದ 'ಪ್ರೀಸ್ಟ್' ಎಂಬ ಗಾಡಿಗಳು. ಟ್ಯಾಂಕಿನ ಅಡಿಗಟ್ಟಿನ ಮೇಲೆ ದೊಡ್ಡ ಫಿರಂಗಿ ಕೂರಿಸಿದ ಗಾಡಿಗಳವು. ಫಿರಂಗಿ ತೆಗೆಸಿದ. ಆ ತೂತಿಗೆ ಎಲ್ಲೆಲ್ಲಿಂದಲೋ ಹೊಂದಿಸಿದ ಉಕ್ಕಿನ ತಗಡು ಬೆಸುಗೆ ಹಾಕಿಸಿದ. ಮೆಕ್ಯಾನಿಕ್‌ಗಳು ಹಗಲೂ ರಾತ್ರಿ ದುಡಿದು ಸುಮಾರು ಒಂದು ವಾರದಲ್ಲಿ 70ಕ್ಕೂ ಹೆಚ್ಚು ಗಾಡಿ ಸಿದ್ಧಮಾಡಿಕೊಟ್ಟರು. ಆ ವರ್ಕ್‌ಶಾಪಿನ ಗುಟ್ಟಿನ ಹೆಸರು ಕಾಂಗರೂ. ಗಾಡಿಗೂ ಅದೇ ಹೆಸರು ಅಂಟಿಕೊಂಡಿತು. ಮರಿಯನ್ನು ಹೊಟ್ಟೆಚೀಲದಲ್ಲಿಟ್ಟುಕೊಂಡು ಹೋಗುವ ಪ್ರಾಣಿ ತಾನೆ, ಹೆಸರು ಸರಿಯಾಗೇ ಇದೆ!

ಆಗಸ್ಟ್ 7ರ ರಾತ್ರಿ ಮತ್ತೆ ದಾಳಿ. ಈ ಸಲ ಸೈನಿಕರು ಆ ಗಾಡಿಗಳೊಳಗೆ ಕೂತು ಶತ್ರುವಿನ ಸಾಲು ದಾಟಿದರು. ಅದೇ ರಾತ್ರಿ ನಡೆದುಹೋದ ಪಡೆಗಳಲ್ಲಿ ಸಾವುನೋವು ಗಾಡಿಯಲ್ಲಿ ಹೋದವರಿಗಿಂತ ಹಲವು ಪಟ್ಟು ಹೆಚ್ಚು. ಆಮೇಲೆ ಕೆನಡಾದಲ್ಲೇ ತಯಾರಾಗಿ, ಹಳತಾಯಿತೆಂದು ಬದಿಗಿಟ್ಟಿದ್ದ ರ‍್ಯಾಮ್ ಟ್ಯಾಂಕುಗಳ ತಲೆಯನ್ನೂ ತೆಗೆದು ಕಾಂಗರೂ ಮಾಡಿದರು.

ಕೊರತೆಯೂ ಇತ್ತು. ಮೇಲ್ಗಡೆ ಮುಚ್ಚಳವಿಲ್ಲ. ಇಳಿಯಬೇಕಾದರೆ ಪಕ್ಕದ ಗೋಡೆ ಹತ್ತಿ ಹಾರಬೇಕು. ಗುಂಡು ಹಾರುತ್ತಿರುವಾಗ ಅಷ್ಟೆತ್ತರದಲ್ಲಿ ಒಂದು ಕ್ಷಣ ನಿಂತರೂ ಮುಗಿಯಿತು. ಟ್ಯಾಂಕನ್ನು ಬಸ್ಸು ಮಾಡೋದರಲ್ಲಿ ನಿಜವಾದ ಕಷ್ಟ ಇರೋದೇ ಇಲ್ಲಿ ಅಂತ ನನಗೆ ಓದುತ್ತಾ ಓದುತ್ತಾ ತಿಳಿಯಿತು. ಫಿರಂಗಿ ಕೀಳೋದು ಸುಲಭ. ಬಾಗಿಲು ಇಡೋದೆಲ್ಲಿ? ಹಿಂದೆ ಇಡೋಣ ಅಂದರೆ ಸಾಮಾನ್ಯವಾಗಿ ಟ್ಯಾಂಕಿನ ಎಂಜಿನ್ನೇ ಅಲ್ಲಿ ಕೂತಿರುತ್ತದೆ.

ಇದಕ್ಕೊಂದು ದಾರಿ ಕಂಡುಕೊಂಡವರು ಇಸ್ರೇಲಿನವರು. ಅರಬ್ ದೇಶಗಳೊಂದಿಗಿನ ಯುದ್ಧಗಳಲ್ಲಿ ಟಿ-54, ಟಿ-55 ಟ್ಯಾಂಕುಗಳು ರಾಶಿ ರಾಶಿ ಅವರ ಕೈಗೆ ಸಿಕ್ಕಿದ್ದವು. ನಮ್ಮ ಸರ್ಕಲ್‌ನಲ್ಲಿ ನಿಂತಿದೆಯಲ್ಲ, ಅದೇ ಜಾತಿ. ತಲೆ ತೆಗೆದರು, ಆ ತೂಕವನ್ನೆಲ್ಲ ಮೈಗೆ ದಪ್ಪ ಕವಚವಾಗಿ ಹೊದಿಸಿದರು. ಹಳೇ ಎಂಜಿನ್ ಬಿಚ್ಚಿ, ಪುಟ್ಟದೊಂದನ್ನು ಅಡ್ಡಡ್ಡ ಕೂರಿಸಿ, ಬಲಬದಿಯಲ್ಲಿ ಒಂದು ಓಣಿ ಬಿಟ್ಟರು. ಓಣಿಯ ಕೊನೆಗೆ ಹಿಂಬಾಗಿಲು! ಒಳಗೆ ಏಳು ಸೈನಿಕರು, ಗಾಡಿ ನಡೆಸೋರು ಮೂವರು. ತೂಕ 44 ಟನ್. ಹೆಸರು ಅಖ್ಜಾರಿತ್, ಅಂದರೆ ಕ್ರೂರಿ.

ಆ ಹೆಸರು ಓದಿ ಸುಮ್ಮನೆ ಕೂತೆ. ಒಳಗೆ ಕೂತವನ ತಾಯಿಗೆ ಅದು ಮಗನನ್ನು ಕಾಯುವ ಗೂಡು. ಅದು ಯಾರ ಬೀದಿಗೆ ನುಗ್ಗುತ್ತದೋ ಅಲ್ಲಿಯ ತಾಯಿಗೆ ಹೆಸರಿಗೆ ತಕ್ಕ ಹಾಗೇ. ಎರಡೂ ನಿಜ. ಒಂದನ್ನೇ ಹೇಳಿ ಇನ್ನೊಂದನ್ನು ಮುಚ್ಚಿಡಲು ನನ್ನಿಂದಾಗದು.

ಇನ್ನು, ಹಳೇದನ್ನು ಬಳಸಿದರೆ ಪುಕ್ಕಟೆ ಅಂದುಕೊಳ್ಳಬೇಡಿ. ಹಳೇ ಸೀರೆಯಲ್ಲಿ ಕೌದಿ ಹೊಲಿದರೂ ದಾರ, ಕಣ್ಣು, ಬೆನ್ನು ಎಲ್ಲಾ ಖರ್ಚಾಗುತ್ತಲ್ಲ. ಹಾಗೇ ಇದಕ್ಕೂ ಹೊಸ ಎಂಜಿನ್, ಹೊಸ ಕವಚ, ಬೇಕಾದಷ್ಟು ಡೀಸೆಲ್. ಭಾರಕ್ಕೆ ಸಣ್ಣಪುಟ್ಟ ಸೇತುವೆ ತಡೆಯೋದಿಲ್ಲ. ಆದರೂ ತೆಳು ತಗಡಿನ ಗಾಡಿಯಲ್ಲಿ ಕಳಿಸುವುದಕ್ಕಿಂತ ಇದು ಮೇಲು ಅಂತ ಲೆಕ್ಕ ಹಾಕಿದವರಿದ್ದಾರೆ. 2004ರಲ್ಲಿ ಗಾಜಾದಲ್ಲಿ ಅಂಥ ಗಾಡಿಗಳು ಸ್ಫೋಟಿಸಿ ಎರಡೇ ದಿನದಲ್ಲಿ 11 ಸೈನಿಕರು ಸತ್ತ ಮೇಲೆ, ಇಸ್ರೇಲ್ ತನ್ನ ಮೆರ್ಕಾವಾ ಟ್ಯಾಂಕಿನ ಒಡಲನ್ನೇ ಸೈನಿಕರ ಗಾಡಿ ಮಾಡಿತು. ಮೆರ್ಕಾವಾದ ಎಂಜಿನ್ ಮೊದಲಿಂದಲೂ ಮುಂದುಗಡೆ ಇದ್ದುದರಿಂದ ಬಾಗಿಲಿನ ಚಿಂತೆಯೂ ಇರಲಿಲ್ಲ.

ಆದರೆ ನೋಡಿ, ಕೆನಡಾದಲ್ಲೂ ಇಸ್ರೇಲಿನಲ್ಲೂ ಬುದ್ಧಿ ಬಂದದ್ದು ಹೆಣ ಎಣಿಸಿದ ಮೇಲೆ.

ಇಷ್ಟನ್ನೂ ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ಟನ್ ಲೆಕ್ಕ, ಎಂಜಿನ್ ಲೆಕ್ಕ ಯಾವುದಕ್ಕೂ ತಲೆ ಎತ್ತಲಿಲ್ಲ. ಕೊನೆಗೆ ಮಜ್ಜಿಗೆ ಕಲಸಿಕೊಳ್ಳುತ್ತಾ ಕೇಳಿದ:

"ಬಾಗ್ಲು ಹಿಂದ್ಗಡೆ ಅಂದ್ಯಾ?"

"ಹೂಂ."

"ಹಂಗಾದ್ರೆ ಸರಿ ಬಿಡು."