ಒಂದು ಗುಂಟೆಯ ತೀರ್ಪು

ಪಕ್ಕದ ಪಂಚಾಯಿತಿಗೆ ಬೆಳೆ ವಿಮೆಯ ಹಣ ಬಂತು, ನಮಗೆ ಬರಲಿಲ್ಲ. ಈ ದೂರು ಕೇಳದ ಹೋಬಳಿ ಇರಲಾರದು. ಅದರ ಬೆನ್ನಿಗೇ ಇನ್ನೊಂದು ಮಾತು: ‘ನನ್ನ ಹೊಲಕ್ಕೆ ಯಾರೂ ಕಾಲೇ ಇಡಲಿಲ್ಲ, ನಷ್ಟ ಆಗಿಲ್ಲ ಅಂತ ಇವರಿಗೆ ಹೇಗೆ ಗೊತ್ತಾಯ್ತು?’

ನ್ಯಾಯವಾದ ಪ್ರಶ್ನೆಯೇ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯ ಪ್ರಕಾರ ಪ್ರಮುಖ ಬೆಳೆಯೊಂದಕ್ಕೆ ಪಂಚಾಯಿತಿಯಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗ ನಡೆಯಬೇಕು. ರಾಗಿ, ಭತ್ತದಂಥ ಬೆಳೆಗೆ ಒಂದೊಂದು ತಾಕಿನ ಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ. ನಾಲ್ಕೂ ಸೇರಿದರೆ 100 ಚದರ ಮೀಟರ್. ಅಂದರೆ ಹೆಚ್ಚೂಕಡಿಮೆ ಒಂದು ಗುಂಟೆ. ನೂರಾರು ಎಕರೆಯ ಹಣೆಬರಹ ಬರೆಯುವುದು ಈ ಒಂದು ಗುಂಟೆ.

ಇಷ್ಟು ಸಾಕೆ? ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದು ಸಾಕಾಗುವುದು ಪಾತ್ರೆಯೊಳಗಿನ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಕಾವು ತಾಗಿರುವುದರಿಂದ. ಹೊಲಗಳು ಹಾಗಲ್ಲ. ಒಂದು ಕೆಮ್ಮಣ್ಣು, ಇನ್ನೊಂದು ಮರಳು. ಒಬ್ಬರು ಜುಲೈನಲ್ಲಿ ಬಿತ್ತಿದರೆ ಮತ್ತೊಬ್ಬರು ಆಗಸ್ಟ್‌ನಲ್ಲಿ. ಹಾಗಾಗಿಯೇ ಯಾವ ಅಗುಳನ್ನು ಎತ್ತಬೇಕೆಂಬುದನ್ನು ಯಾರ ಕೈಗೂ ಕೊಡದೆ ಯಾದೃಚ್ಛಿಕ ಸಂಖ್ಯೆಗಳಿಗೆ ಬಿಟ್ಟಿರುವುದು. ಸರ್ವೆ ನಂಬರ್ ಚೀಟಿ ಎತ್ತಿದಂತೆ ಬರುತ್ತದೆ. ಆ ಹೊಲದ ಮೂಲೆಯಿಂದ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಹೆಜ್ಜೆ ನಡೆದು ಗೂಟ ಹೊಡೆಯಬೇಕು ಎಂಬುದೂ ಹಾಗೆಯೇ. ಗೂಟ ಬಿದ್ದಲ್ಲಿ ಪೈರು ಸೊಂಪಾಗಿರಲಿ, ಬೋಳಾಗಿರಲಿ, ಅಲ್ಲೇ ಹಗ್ಗ ಹಿಡಿದು ಚೌಕ ಕಟ್ಟಿ, ಕೊಯ್ದು, ಬಡಿದು, ತೂಗಬೇಕು. ನಿಮ್ಮ ಹೊಲ ನೋಡಲಿಲ್ಲ ನಿಜ, ಆದರೆ ಚೀಟಿಯ ಡಬ್ಬಿಯಲ್ಲಿ ಅದೂ ಇತ್ತು. ರೈತನಿಗಿರುವ ರಕ್ಷಣೆ ಅಷ್ಟೇ, ಅದು ಸಣ್ಣದೂ ಅಲ್ಲ.

ಚೀಟಿ ಪ್ರಾಮಾಣಿಕವಾಗಿದ್ದರೂ ನಾಲ್ಕು ಎಂಬುದು ಬಡ ಸಂಖ್ಯೆ. ಒಂದು ಲೆಕ್ಕ ಕಟ್ಟಿ ನೋಡೋಣ. ಮಳೆಯಾಶ್ರಿತ ರಾಗಿಯ ನಾಲ್ಕು ತಾಕುಗಳಲ್ಲಿ 3, 4, 5 ಮತ್ತು 8 ಕಿಲೊ ಸಿಕ್ಕಿತೆನ್ನಿ. ಸರಾಸರಿ 5 ಕಿಲೊ. 25 ಚದರ ಮೀಟರನ್ನು ಹೆಕ್ಟೇರಿಗೆ ಏರಿಸಲು 400ರಿಂದ ಗುಣಿಸಿದರೆ 20 ಕ್ವಿಂಟಲ್. ಆ ಎಂಟು ಕಿಲೊ ಬಂದದ್ದು ಕೆರೆಯ ಕೆಳಗಿನ ತೇವದ ಹೊಲದಿಂದ. ಅದರ ಬದಲು 4 ಕಿಲೊ ಕೊಡುವ ದಿಣ್ಣೆಯ ಹೊಲ ಚೀಟಿಯಲ್ಲಿ ಬಂದಿದ್ದರೆ ಇಳುವರಿ 16 ಕ್ವಿಂಟಲಿಗೆ ಇಳಿಯುತ್ತಿತ್ತು. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5ರ ಸರಾಸರಿಯ ಮೇಲೆ ನಿಗದಿಯಾದ ಖಾತರಿ ಇಳುವರಿ 18 ಇದ್ದರೆ, ಮೊದಲನೆಯದರಲ್ಲಿ ಯಾರಿಗೂ ಪೈಸೆ ಇಲ್ಲ, ಎರಡನೆಯದರಲ್ಲಿ ಎಲ್ಲರಿಗೂ ಪರಿಹಾರ. ಈ ಏರಿಳಿತವನ್ನು ಅರ್ಧಕ್ಕೆ ಇಳಿಸಲು ಎಂಟು ತಾಕು ಸಾಲದು, ಹದಿನಾರು ಬೇಕು. ಕೊಯ್ಲಿನ ಆ ನಾಲ್ಕು ದಿನಗಳಲ್ಲಿ ಹಗ್ಗ ಹಿಡಿದು ಓಡುವ ಸಿಬ್ಬಂದಿಯ ಪಾಡನ್ನೂ ನೆನೆಯಬೇಕು.

ಆದರೆ ಇದು ಒಂದು ವರ್ಷ ರೈತನಿಗೆ, ಇನ್ನೊಂದು ವರ್ಷ ವಿಮಾ ಕಂಪನಿಗೆ ಒದಗುವ ತಪ್ಪು. ನನಗೆ ಹೆಚ್ಚು ಚಿಂತೆ ಒಂದೇ ಕಡೆಗೆ ವಾಲುವ ತಪ್ಪಿನದು. ತಕ್ಕಡಿಯ ಬಟ್ಟೇ ಸವೆದಿದ್ದರೆ ನೂರು ಸಲ ತೂಗಿದರೂ ತೂಕ ಸರಿಬಾರದು.

ಈ ಜಗಳ ನಮ್ಮಲ್ಲಿ ಹಳೆಯದು. 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಪಿ.ಸಿ. ಮಹಲನೋಬಿಸ್ ಬಂಗಾಳದಲ್ಲಿ ಚಿಕ್ಕ ಚಿಕ್ಕ ತಾಕು ಕೊಯ್ಸಿ ಇಳುವರಿ ಅಂದಾಜು ಮಾಡಿಸುತ್ತಿದ್ದರು. ಕೃಷಿ ಸಂಶೋಧನಾ ಮಂಡಳಿಯ ಪಿ.ವಿ. ಸುಖಾತ್ಮೆ ಅದನ್ನು ಒಪ್ಪಲಿಲ್ಲ. ಚಿಕ್ಕ ತಾಕು ಇಳುವರಿಯನ್ನು ಹಿಗ್ಗಿಸಿ ತೋರಿಸುತ್ತದೆ ಎಂದು 1946ರಲ್ಲಿ ಬರೆದರು. ಕಾರಣ ಸರಳ. ಹಗ್ಗದ ಮೇಲೇ ನಿಂತ ಬುಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕುಡುಗೋಲು ಒಳಗೇ ಸೇರಿಸಿಕೊಳ್ಳುತ್ತದೆ. ಒಂದು ಮೀಟರಿನ ಚೌಕದಲ್ಲಿ ಪ್ರತಿ ಚದರ ಮೀಟರಿಗೆ 4 ಮೀಟರ್ ಅಂಚು. ಐದು ಮೀಟರಿನದರಲ್ಲಿ 80 ಸೆಂಟಿಮೀಟರ್ ಮಾತ್ರ.

ಇಂದಿನ ವಾಲು ಹಗ್ಗದಂಚಿನಲ್ಲಿಲ್ಲ, ಬದಲಿ ಹೊಲದಲ್ಲಿದೆ. ಚೀಟಿಯಲ್ಲಿ ಬಂದ ಹೊಲ ಆಗಲೇ ಕೊಯ್ಲಾಗಿದ್ದರೆ ಇನ್ನೊಂದನ್ನು ಹುಡುಕಬೇಕು. ಆಗ ಉಳಿದಿರುವುದು ತಡವಾಗಿ ಬಿತ್ತಿದ ಬೆಳೆ, ಕೊನೆಯ ಮಳೆ ಕೈಕೊಟ್ಟಾಗ ಸೊರಗಿದ್ದು. ರಸ್ತೆ ಪಕ್ಕದ್ದನ್ನೇ ಹಿಡಿದರೆ ಇನ್ನೊಂದು ಬಗೆಯ ವಾಲು. ಸಾಕ್ಷಿಗೆ ಬಂದ ಊರಿನವರು ಒಣಗಿದ ಮೂಲೆ ತೋರಿಸುತ್ತಾರೆ, ಕಂಪನಿಯ ಪ್ರತಿನಿಧಿಯ ಕಣ್ಣು ಹಸಿರಿನ ಮೇಲಿರುತ್ತದೆ. ಮೊಬೈಲ್ ಆ್ಯಪಿನ ಜಿಪಿಎಸ್ ಚಿತ್ರ ಸಿಬ್ಬಂದಿ ಅಲ್ಲಿ ನಿಂತಿದ್ದರು ಎಂಬುದಕ್ಕೆ ಪುರಾವೆ. ಅಲ್ಲೇ ಏಕೆ ನಿಂತರು ಎಂಬುದಕ್ಕಲ್ಲ.

2023ರ ಮುಂಗಾರಿನಿಂದ ಭತ್ತದ ಇಳುವರಿ ಲೆಕ್ಕದಲ್ಲಿ ಉಪಗ್ರಹ ಆಧಾರಿತ ಅಂದಾಜಿಗೆ ಕನಿಷ್ಠ ಶೇ 30ರಷ್ಟು ಪಾಲು ಕೊಡಲಾಗಿದೆ. ಒಳ್ಳೆಯದೇ. ಆದರೆ ಹಸಿರನ್ನು ಕ್ವಿಂಟಲಿಗೆ ಹೊಂದಿಸುವ ಪಾಠ ಉಪಗ್ರಹಕ್ಕೂ ಸಿಗುವುದು ಇದೇ ತಾಕುಗಳಿಂದ.

ಹಾಗಾಗಿ ಹದಿನಾರು ತಾಕು ಕೇಳುವ ಮೊದಲು ಇನ್ನೊಂದನ್ನು ಕೇಳುತ್ತೇನೆ. ಕೊಯ್ಲಿಗೆ ಮುಂಚೆಯೇ ಚೀಟಿಯಲ್ಲಿ ಬಂದ ಸರ್ವೆ ನಂಬರ್‌ಗಳನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಕೊಯ್ಲಾದ ಮೇಲೆ ಬರಿಯ ಸರಾಸರಿಯನ್ನಲ್ಲ, ನಾಲ್ಕೂ ತಾಕಿನ ತೂಕವನ್ನು ಬೇರೆ ಬೇರೆಯಾಗಿ ಅದರ ಕೆಳಗೆ ಬರೆಯಲಿ. ಹೊಲ ಬದಲಾಗಿದ್ದರೆ ಯಾವುದಕ್ಕೆ ಯಾವುದು, ಏಕೆ ಎಂದು ಒಂದು ಸಾಲು ಇರಲಿ.